ಕಲಿತದ್ದನ್ನು ಕೈಪಿಡಿಗೆ ಸೇರಿಸಿ

ಇಂದು ಪದವೀಧರರಾದ ಗೋವಾದ ಸಾಂಗೆಯ ಗೆಳೆಯರೇ,

ನಿಮ್ಮ ತಾಲ್ಲೂಕಿನ ಉಸ್ಗಾಳಿಮಳ್‌ನಲ್ಲಿ, ಕುಶಾವತಿ ನದಿಯ ದಡದ ಕಲ್ಲುಹಾಸಿನ ಮೇಲೆ ಆದಿಮಾನವರು ಕೊರೆದ ಗೂಳಿ, ಜಿಂಕೆ, ನವಿಲುಗಳಿವೆ. ಪುರಾತತ್ತ್ವಜ್ಞರಿಗೆ ಆ ಜಾಗ ಗೊತ್ತಾದದ್ದು 1993ರಲ್ಲಿ, ಅದೂ ಊರಿನವರು ಹೇಳಿದ ಮೇಲೆ. ಊರವರಿಗೆ ತಿಳಿದದ್ದು ಅವರ ಬಾಯಿಂದ ಹೊರಗೆ ಬಂದಾಗಲಷ್ಟೇ ಅದು ಇತಿಹಾಸದ ಪುಟ ಸೇರಿತು.

ಮುಕ್ತ ತಂತ್ರಾಂಶಗಳ ಕೈಪಿಡಿಯ ಪಾಡೂ ಇದೇ. ಲಿನಕ್ಸ್, ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳ ಕೋಡ್ ಬರೆಯಲು ಜಗತ್ತಿನಾದ್ಯಂತ ಜನರಿದ್ದಾರೆ. ಅವನ್ನು ಬಳಸುವುದು ಹೇಗೆಂದು ಬರೆದಿಡುವವರು ಕಡಿಮೆ. ಕೈಪಿಡಿಗಳೂ ತಂತ್ರಾಂಶದಷ್ಟೇ ಮುಕ್ತವಾಗಿರಬೇಕೆಂದು ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ವಾದಿಸಿದರು. ಅದಕ್ಕೆಂದೇ 2000ದಲ್ಲಿ ಒಂದು ಪರವಾನಗಿ ಹುಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದದ್ದೂ ಅದೇ ಪರವಾನಗಿಯ ಅಡಿಯಲ್ಲಿ. ನಿಮ್ಮ ಗೋವಾ ವಿಶ್ವವಿದ್ಯಾಲಯವೂ ಹಿಂದೆ ಬೀಳಲಿಲ್ಲ. 2013ರಲ್ಲಿ ತನ್ನ ಕೊಂಕಣಿ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು. 2015ರಲ್ಲಿ ಕೊಂಕಣಿ ವಿಕಿಪೀಡಿಯ ಬಂತು. ದೇವನಾಗರಿ, ರೋಮಿ ಎರಡೂ ಲಿಪಿಯ ಬರಹಗಳಿಗೆ ಅಲ್ಲಿ ಜಾಗವಿದೆ. ಕೊಂಕಣಿಗೆ ಯಾವ ಲಿಪಿ ಎಂಬ ಜಗಳ ಬಲ್ಲವರಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತು.

ಕೈಪಿಡಿಯ ಒಂದೆರಡು ಸಾಲು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಇವತ್ತು ನಿಮ್ಮಲ್ಲಿ ಕೆಲವರಿಗೆ ರ‍್ಯಾಂಕ್ ಬಂದಿದೆ. ಆ ಪದವನ್ನು ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ರಕಾರ, ಹಲಂತ, ಯಕಾರ ಎಂದು ಸಾಲಾಗಿ ಒತ್ತಿದರೆ ಅರ್ಕಾವತ್ತು ಬಂದು ಕೂರುತ್ತದೆ. ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದನ್ನು ಹಾಕಬೇಕು. ಗೊತ್ತಿದ್ದವರಿಗೆ ಅರೆಕ್ಷಣದ ಕೆಲಸ. ಗೊತ್ತಿಲ್ಲದ ಗುಮಾಸ್ತರಿಗೋ ಶಾಲೆಯ ಮೇಷ್ಟರಿಗೋ ಅರ್ಧ ದಿನ ಹೋಗುತ್ತದೆ. ತಮ್ಮ ಕೀಲಿಮಣೆಯಲ್ಲಿ ಅದಕ್ಕೆ ಯಾವ ಕೀಲಿ ಒತ್ತಬೇಕೆಂದು ತಿಳಿಸುವ ಎರಡು ಸಾಲು, ಯಾರು ಬೇಕಾದರೂ ತಿದ್ದಬಹುದಾದ ಕೈಪಿಡಿಯ ವಿಕಿ ಪುಟದಲ್ಲಿದ್ದರೆ ಅವರಿಗೆ ಸಾಕು.

ಆ ಎರಡು ಸಾಲನ್ನು ಪಂಡಿತರು ಬರೆಯಲಿ ಎಂದು ಕಾಯಬೇಡಿ. ಪಳಗಿದವರಿಗೆ ತಾವು ಎಲ್ಲಿ ಎಡವಿದ್ದೆವು ಎಂಬುದೇ ಮರೆತುಹೋಗಿರುತ್ತದೆ. ನಿನ್ನೆ ಕಲಿತವರಿಗೆ ಮಾತ್ರ ಆ ಜಾಗ ನೆನಪಿರುತ್ತದೆ. ಹೊಸಬರೇ ಒಳ್ಳೆಯ ಕೈಪಿಡಿ ಬರೆಯಬಲ್ಲರು ಎಂದು ನಾನು ದೃಢವಾಗಿ ನಂಬಿದ್ದೇನೆ.

ತಪ್ಪಾದೀತೆಂಬ ಅಳುಕು ಬೇಡ. ವಿಕಿಯಲ್ಲಿ ಪ್ರತಿ ತಿದ್ದುಪಡಿಯ ಇತಿಹಾಸ ಉಳಿಯುತ್ತದೆ, ಕೆಟ್ಟದ್ದನ್ನು ಒಂದೇ ಗುಂಡಿಯಲ್ಲಿ ಹಿಂದಿರುಗಿಸಬಹುದು. ನೀವು ಬರೆದದ್ದನ್ನು ಯಾರಾದರೂ ಅಳಿಸಿದರೆ ಮುನಿಸಿಕೊಳ್ಳದೆ ಚರ್ಚೆಪುಟಕ್ಕೆ ಹೋಗಿ ಕಾರಣ ಕೇಳಿ. ಆದರೆ ಎರಡು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ತಂತ್ರಾಂಶದ ಯಾವ ಆವೃತ್ತಿಯ ಮಾತು ಎಂಬುದನ್ನು ತಪ್ಪದೆ ನಮೂದಿಸಿ. ಹಳೆಯ ಆವೃತ್ತಿಯ ಸೂಚನೆ ಓದುಗರನ್ನು ದಾರಿ ತಪ್ಪಿಸುತ್ತದೆ. ನೀವೇ ಮಾಡಿ ನೋಡದ ಹೆಜ್ಜೆಯನ್ನು ಬರೆಯಲೇಬೇಡಿ, ಕೃತಕ ಬುದ್ಧಿಮತ್ತೆಯ ಯಂತ್ರ ಬರೆದುಕೊಟ್ಟದ್ದಾದರೂ ಸರಿ. ಅದನ್ನು ನಂಬಿ ಯಾರೋ ತಮ್ಮ ಕಡತಗಳನ್ನೆಲ್ಲ ಕಳೆದುಕೊಂಡಾರು.

ಗಡಿಯ ತಾಲ್ಲೂಕಿನವರಾದ ನಿಮಗೆ ಕೊಂಕಣಿ, ಮರಾಠಿ, ಇಂಗ್ಲಿಷ್ ಬರುತ್ತವೆ. ಹಲವರ ಮನೆಮಾತು ಕನ್ನಡ. ಒಂದು ಭಾಷೆಯಲ್ಲಿ ಓದಿದ ಸಹಾಯ ಪುಟವನ್ನು ಇನ್ನೊಂದಕ್ಕೆ ತರಬಲ್ಲವರು ನೀವು. ಈ ತಿಂಗಳೊಳಗೆ ನೀವು ದಿನಾ ಬಳಸುವ ಒಂದು ಮುಕ್ತ ತಂತ್ರಾಂಶದ ವಿಕಿಗೆ ಖಾತೆ ತೆರೆಯಿರಿ. ನಿಮಗೆ ಕಷ್ಟ ಕೊಟ್ಟ ಪುಟವನ್ನೇ ಹುಡುಕಿ, ಅಲ್ಲಿ ಬಿಟ್ಟುಹೋದ ಒಂದು ಸಾಲು ಸೇರಿಸಿ, ಉಳಿಸಿ.