ಹುಳುವಿನ ಗಡಿಯಾರ

ರೋಹಿಣಿ ಮಳೆಯ ದಿನಗಳಲ್ಲಿ, ಮುಂಗಾರು ಇನ್ನೂ ಬಲಿಯುವ ಮೊದಲು, ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ಕಡೆ ಕಾಡಂಚಿನಲ್ಲಿ ಸಂಜೆ ನಿಂತವರಿಗೆ ಒಂದು ನೋಟ ಕಾಣಸಿಗುತ್ತದೆ. ಹೊತ್ತು ಮುಳುಗಿ, ಪಡುವಣದ ಕೆಂಪು ಅಳಿದು, ಎದುರಿಗಿದ್ದವರ ಮುಖ ಗುರುತಾಗದಷ್ಟು ಕತ್ತಲು ಕವಿದಾಗ ಪೊದೆಯೊಳಗೆ ಒಂದು ಕಿಡಿ ಮಿನುಗುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಮಿಂಚುಹುಳುಗಳ ಈ ಜಾತ್ರೆಗೆ ಹೊತ್ತು ಗೊತ್ತುಮಾಡಿ ಡಂಗುರ ಸಾರಿದವರು ಯಾರು?

‘ಕತ್ತಲಾಯಿತು, ಹುಳು ಬೆಳಗಿತು, ಇದರಲ್ಲೇನು ಸೋಜಿಗ?’ ಎಂದು ನೀವು ಕೇಳಬಹುದು. ಆದರೆ ಸಂಗತಿ ಅಷ್ಟು ಸರಳವಲ್ಲ. ಅಮೆರಿಕದ ಜಾನ್ ಬಕ್ ಎಂಬ ವಿಜ್ಞಾನಿ ಅಲ್ಲಿಯ ಮಿಂಚುಹುಳುಗಳನ್ನು ಹಗಲಿರುಳುಗಳ ಸುಳಿವೇ ಸಿಗದಂತೆ ಪ್ರಯೋಗಶಾಲೆಯಲ್ಲಿಟ್ಟು ನೋಡಿ, ತಾನು ಕಂಡದ್ದನ್ನು 1937ರಲ್ಲಿ ಪ್ರಕಟಿಸಿದನು. ಸಂಜೆಯೇ ಆಗದ ಆ ಕೋಣೆಯಲ್ಲಿಯೂ ಅವು ಸುಮಾರು 24 ಗಂಟೆಗಳಿಗೊಮ್ಮೆ ಮಿನುಗುತ್ತಿದ್ದವು. ಜೇನುಹುಳುಗಳದೂ ಇದೇ ಕಥೆ. 1955ರಲ್ಲಿ ಜರ್ಮನಿಯ ಮ್ಯಾಕ್ಸ್ ರೆನ್ನರ್ ಪ್ಯಾರಿಸಿನ ಮುಚ್ಚಿದ ಕೋಣೆಯೊಂದರಲ್ಲಿ ಜೇನುಹುಳುಗಳಿಗೆ ಗೊತ್ತಾದ ಹೊತ್ತಿನಲ್ಲಿ ಆಹಾರ ಕೊಟ್ಟು ರೂಢಿಮಾಡಿಸಿ, ಅವನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಒಯ್ದನು. ಸಾಗರ ದಾಟಿದ ಹುಳುಗಳು ಊಟಕ್ಕೆ ಹೊರಬಿದ್ದದ್ದು ನ್ಯೂಯಾರ್ಕಿನ ಹೊತ್ತಿಗಲ್ಲ, ಪ್ಯಾರಿಸಿನ ಹೊತ್ತಿಗೆ. ಹುಳುವಿನ ಮೈಯೊಳಗೇ ಒಂದು ಗಡಿಯಾರವಿದೆ ಎಂದಾಯಿತು.

ಹಾಗಾದರೆ ಬೆಳಕಿಗೆ ಇಲ್ಲಿ ಕೆಲಸವೇನು? ರೇಡಿಯೋ ಇರುವ ಮನೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನಿಮ್ಮ ಗೋಡೆಯ ಗಡಿಯಾರ ತನ್ನ ಕೀಲಿಯ ಬಲದಿಂದ ತಾನೇ ನಡೆಯುತ್ತದೆ. ರೇಡಿಯೋ ಅದನ್ನು ನಡೆಸುವುದಿಲ್ಲ. ಆದರೆ ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವುದಾದರೆ, ವಾರ್ತೆಗೆ ಮುಂಚೆ ಬರುವ ಸಮಯಸೂಚನೆಯನ್ನು ಕೇಳಿ ಮುಳ್ಳನ್ನು ಸರಿಪಡಿಸುತ್ತೀರಿ. ಹುಳುವಿನ ಒಳಗಡಿಯಾರವೂ ಕರಾರುವಾಕ್ಕಾಗಿ 24 ಗಂಟೆಯದಲ್ಲ. ತುಸು ಮುಂದೆ ಓಡುತ್ತದೆ, ಇಲ್ಲವೆ ಹಿಂದೆ ಬೀಳುತ್ತದೆ. ಉದಯಾಸ್ತಗಳ ಬೆಳಕೇ ಅದಕ್ಕೆ ದಿನದಿನದ ಸಮಯಸೂಚನೆ.

ಈ ಗಡಿಯಾರವನ್ನು ಬಿಚ್ಚಿ ನೋಡಲು ನೆರವಾದುದು ನಮ್ಮ ಮನೆಯ ಕಳಿತ ಬಾಳೆಹಣ್ಣಿನ ಮೇಲೆ ಸುಳಿಯುವ ಸಣ್ಣ ಹಣ್ಣುನೊಣ. ವಿಜ್ಞಾನಿಗಳು ಅದಕ್ಕಿಟ್ಟ ಡ್ರೊಸೊಫಿಲ ಎಂಬ ಗ್ರೀಕ್ ಹೆಸರಿಗೆ ‘ಇಬ್ಬನಿಪ್ರಿಯ’ ಎಂದರ್ಥ. ಹೆಸರಿಗೆ ತಕ್ಕಂತೆ ಅದು ಕೋಶವನ್ನೊಡೆದು ಹೊರಬರುವುದು ಬೆಳಗಿನ ತಂಪಿನಲ್ಲಿ. 1971ರಲ್ಲಿ ಕ್ಯಾಲಿಫೋರ್ನಿಯಾದ ರೊನಾಲ್ಡ್ ಕೊನೋಪ್ಕಾ ಮತ್ತು ಸೀಮೋರ್ ಬೆಂಜರ್ ಹೊತ್ತು ತಪ್ಪಿದ ನೊಣಗಳನ್ನು ಹುಡುಕಿ ತೆಗೆದರು. ಒಂದಕ್ಕೆ ದಿನವೆಂದರೆ 19 ಗಂಟೆ, ಇನ್ನೊಂದಕ್ಕೆ 28 ಗಂಟೆ, ಮೂರನೆಯದಕ್ಕೆ ದಿನವೆಂಬುದೇ ಇಲ್ಲ. ಮೂರರ ದೋಷವೂ ಒಂದೇ ವಂಶವಾಹಿಯಲ್ಲಿತ್ತು. ಅದಕ್ಕೆ ‘ಪೀರಿಯಡ್’ ಎಂದು ಹೆಸರಾಯಿತು. ಆ ದಾರಿಯಲ್ಲಿ ಮುಂದುವರಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಈ ಮೂವರಿಗೆ 2017ರ ನೊಬೆಲ್ ಬಹುಮಾನ ಸಂದಿತು.

ಅವರು ಕಂಡ ಯಂತ್ರದ ತಿರುಳು ಇಷ್ಟು. ಜೀವಕೋಶವು ‘ಪೀರಿಯಡ್’ ಮತ್ತು ‘ಟೈಮ್‌ಲೆಸ್’ ಎಂಬ ಎರಡು ಪ್ರೋಟೀನುಗಳನ್ನು ತಯಾರಿಸುತ್ತದೆ. ಇರುಳಿನಲ್ಲಿ ಇವು ಜೊತೆಗೂಡಿ ಕೋಶಕೇಂದ್ರವನ್ನು ಹೊಕ್ಕು ತಮ್ಮ ತಯಾರಿಕೆಯನ್ನು ತಾವೇ ನಿಲ್ಲಿಸುತ್ತವೆ. ಇದ್ದದ್ದು ಕರಗಿದ ಮೇಲೆ ತಯಾರಿಕೆ ಮತ್ತೆ ಮೊದಲಾಗುತ್ತದೆ. ಈ ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು ಒಂದು ದಿನ.

ಬೆಳಕು ಕೈಯಿಡುವುದು ಇಲ್ಲಿಯೇ. ಗಡಿಯಾರದ ಕೋಶಗಳೊಳಗೆ ‘ಕ್ರಿಪ್ಟೋಕ್ರೋಮ್’ ಎಂಬ ಮತ್ತೊಂದು ಪ್ರೋಟೀನು ಕಾವಲು ಕುಳಿತಿದೆ. ನೀಲಿ ಬೆಳಕು ತಾಗಿದೊಡನೆ ಅದು ‘ಟೈಮ್‌ಲೆಸ್’ನ ಮೇಲೆ ಬಿದ್ದು ಅದನ್ನು ಅಳಿಸಿಬಿಡುತ್ತದೆ. ಮುಸ್ಸಂಜೆಯಲ್ಲಿ ಹೀಗಾದರೆ ಅಳಿದದ್ದನ್ನು ಹೊಸದಾಗಿ ಕೂಡಿಹಾಕಬೇಕು. ಗಡಿಯಾರ ಹಿಂದೆ ಬೀಳುತ್ತದೆ. ಬೆಳಗಿನ ಜಾವದಲ್ಲಾದರೆ ಹೇಗೂ ಕರಗಲಿದ್ದುದು ಬೇಗ ಕರಗಿ, ಗಡಿಯಾರ ಮುಂದೆ ಹೋಗುತ್ತದೆ. ನಟ್ಟನಡುಹಗಲಿನ ಬೆಳಕಿನಿಂದ ಹೆಚ್ಚಿನ ಪರಿಣಾಮವಿಲ್ಲ. ನಮಗಾದರೋ ಈ ಸೂಚನೆ ಕಣ್ಣಿನ ದಾರಿಯಿಂದಲೇ ಬರಬೇಕು. ನೊಣದ ತೆಳು ಮೈಯನ್ನು ತೂರಿ ಬೆಳಕು ನೇರವಾಗಿ ಒಳಹೋಗುತ್ತದೆ. ಅದರ ರೆಕ್ಕೆ, ಕಾಲು, ಮೀಸೆಗಳಲ್ಲಿಯೂ ಬೆಳಕನ್ನರಿಯುವ ಬಿಡಿಬಿಡಿ ಗಡಿಯಾರಗಳಿವೆಯೆಂದು 1997ರಲ್ಲಿ ತಿಳಿದುಬಂತು.

ಬೆಳಕು ಆರದೆಯೇ ಇದ್ದರೆ ಏನಾದೀತು? ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲಿಯೇ ದೊರೆಯಿತು. ಎರ್ವಿನ್ ಬ್ಯೂನಿಂಗ್ ಅವರೊಡನೆ ಜರ್ಮನಿಯಲ್ಲಿ ಕೆಲಸ ಮಾಡಿ, ಮಧುರೆಯಲ್ಲಿ ಬಹುಕಾಲ ಸಂಶೋಧನೆ ನಡೆಸಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ. ಕೆ. ಚಂದ್ರಶೇಖರನ್ ಅವರೂ ಸಂಗಡಿಗರೂ 1999ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. 600 ಪೀಳಿಗೆಗಳ ಕಾಲ ಎಡೆಬಿಡದ ಬೆಳಕಿನಲ್ಲೇ ಬೆಳೆದ ಹಣ್ಣುನೊಣಗಳು ಅವು. ಆ ಬೆಳಕಿನಲ್ಲಿ ಅವು ಹೊತ್ತಿಲ್ಲದ ಹೊತ್ತಿನಲ್ಲಿ ಕೋಶದಿಂದ ಹೊರಬರುತ್ತಿದ್ದವು. ಕತ್ತಲೆಗೆ ತಂದಿಟ್ಟಾಗ ಮತ್ತೆ ತಾಳ ಹಿಡಿದವು. ಗಡಿಯಾರ ನಾಶವಾಗಿರಲಿಲ್ಲ, ತೀರದ ಹಗಲು ಅದನ್ನು ನಡೆಯಗೊಡದೆ ಹಿಡಿದಿತ್ತು.

ಸಂಸ್ಕೃತದಲ್ಲಿ ಮಿಂಚುಹುಳುವಿಗೆ ‘ಖದ್ಯೋತ’ ಎನ್ನುತ್ತಾರೆ. ಆಗಸದಲ್ಲಿ ಹೊಳೆಯುವುದು ಎಂದರ್ಥ. ನಿಘಂಟಿನಲ್ಲಿ ಅದೇ ಮಾತಿಗೆ ಸೂರ್ಯನೆಂಬ ಅರ್ಥವೂ ಉಂಟು. ದೊಡ್ಡ ಖದ್ಯೋತನು ಮುಳುಗಿ ಸೂಚನೆ ಕೊಟ್ಟರೆ ಸಣ್ಣ ಖದ್ಯೋತದ ಕೆಲಸ ಮೊದಲು. ಈಗ ಇವರಿಬ್ಬರ ನಡುವೆ ಮೂರನೆಯದೊಂದು ಬೆಳಕು ಬಂದು ನಿಂತಿದೆ. ಅದು ನಮ್ಮ ವಿದ್ಯುದ್ದೀಪ. ಬೆಳಗಾವಿಯ ಬೀದಿಗಳಲ್ಲಿರುವ ಬೆಳ್ಳನೆಯ ಎಲ್‌ಇಡಿ ದೀಪಗಳಲ್ಲಿ ನೀಲಿಯ ಪಾಲು ಹೆಚ್ಚು. ಬಿಸಿಲಿಗೆ ಅವು ಸಮವಲ್ಲ, ನಿಜ; ಆದರೆ ಹಣ್ಣುನೊಣದ ಗಡಿಯಾರವನ್ನು ಕದಲಿಸಲು ತೀರ ಮಂದವಾದ ಬೆಳಕೂ ಸಾಕು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಸುಳ್ಳು ಸಮಯಸೂಚನೆ ಅದು. ಮಿಂಚುಹುಳುವಿಗಂತೂ ಇಮ್ಮಡಿ ತೊಂದರೆ: ಗಂಡು ಹೆಣ್ಣುಗಳ ಮಾತುಕತೆ ನಡೆಯುವುದೇ ಮಿನುಗಿನಿಂದ. ರೆಕ್ಕೆ ಬಂದ ಮೇಲೆ ಅದರ ಬಾಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಅಷ್ಟರೊಳಗೆ ಜೊತೆ ಸಿಗದಿದ್ದರೆ ಮುಂದಿನ ವರ್ಷಕ್ಕೆ ಮೊಟ್ಟೆಯಿಲ್ಲ.

ದೀಪವೇ ಬೇಡವೆಂದು ನಾನು ಹೇಳುತ್ತಿಲ್ಲ. ಹಾವು, ಕರಡಿಗಳು ಸುಳಿಯುವ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಬಾಗಿಲ ದೀಪ ಜೀವ ಕಾಯುತ್ತದೆ. ಅದನ್ನು ಆರಿಸೆಂದು ಹೇಳಲು ಪಟ್ಟಣದವರಿಗೆ ಬಾಯಿಲ್ಲ. ಬಾಗಿಲಲ್ಲಿ ಬೇಕಾದ ದೀಪ ಮರದ ತುದಿಯನ್ನು ಬೆಳಗಬೇಕಾಗಿಲ್ಲವಷ್ಟೆ. ಅದಕ್ಕೊಂದು ಮುಸುಕು ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಬಹುದು. ನೀಲಿ ಬೆರೆತ ಬಿಳಿಗಿಂತ ಹಳದಿ ಬೆಳಕು ಗಡಿಯಾರವನ್ನು ಕಡಮೆ ಕೆಡಿಸುತ್ತದೆ. ಆದರೆ ಅನೇಕ ಮಿಂಚುಹುಳುಗಳ ಬೆಳಕು ತಾನೇ ಹಳದಿ ಹಸಿರಾದ್ದರಿಂದ ಅವುಗಳ ಮಾತಿಗೆ ಹಳದಿ ದೀಪವೂ ಅಡ್ಡಿಯೇ. ಆದುದರಿಂದ ವಸತಿಗೃಹಗಳವರೂ ತೋಟದ ಮನೆಗಳವರೂ ರೋಹಿಣಿ, ಮೃಗಶಿರ ಮಳೆಗಳ ಆ ಕೆಲವು ವಾರ ಸಂಜೆಯ ಹೊತ್ತು ಅಲಂಕಾರದ ದೀಪಗಳನ್ನು ಆರಿಸಿಡುವುದು ಮೇಲು. ಮಿಂಚುಹುಳು ನೋಡಲು ಹೋಗುವ ನಾವೂ ಕಾರಿನ ದೀಪ, ಕೈದೀಪ, ಮೊಬೈಲಿನ ಬೆಳಕುಗಳನ್ನು ಆರಿಸಿ ನಿಲ್ಲೋಣ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತಿಪ್ಪತ್ತು ನಿಮಿಷ ಹಿಡಿದೀತು. ಅಷ್ಟು ಹೊತ್ತು ಮಕ್ಕಳ ಕೈಹಿಡಿದು ಕಾಯಬಹುದು.