ಧರ್ಮಕೇಂದ್ರದ ಅಂಗಳದಲ್ಲಿ ಮಕ್ಕಳು ಮತ್ತು ಯುವಜನರು

(ಶತಮಾನೋತ್ಸವದ ಸಂದರ್ಭದಲ್ಲಿ ಇಟ್ಟಿಗಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವವೆಂದರೆ ಹಿರಿಯರ ಸ್ಮರಣೆಯ ಹಬ್ಬ. ನೂರು ವರ್ಷಗಳ ಹಿಂದೆ ಈ ಸೀಮೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿನ ಕಥೋಲಿಕರು ಮದರಾಸು ಮಹಾಧರ್ಮಕ್ಷೇತ್ರದ ಆಡಳಿತಕ್ಕೆ ಒಳಪಟ್ಟಿದ್ದರು. 1928ರಲ್ಲಿ ಬಳ್ಳಾರಿಯು ಪ್ರತ್ಯೇಕ ಮಿಷನ್ ಪ್ರದೇಶವಾಯಿತು. 1949ರಲ್ಲಿ ಅದಕ್ಕೆ ಧರ್ಮಕ್ಷೇತ್ರದ ಪದವಿ ದೊರೆಯಿತು. 1953ರಲ್ಲಿ ನಾವು ಮೈಸೂರು ರಾಜ್ಯದವರಾದೆವು. 2021ರಲ್ಲಿ ನಮ್ಮ ಹಡಗಲಿ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿತು. ಆಡಳಿತಗಳು ಬದಲಾದವು, ಗಡಿಗಳು ಬದಲಾದವು. ಆದರೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಶಿಲುಬೆಯ ಗುರುತನ್ನು ಕಲಿಸುವ ಕೆಲಸ ಮಾತ್ರ ಬದಲಾಗಲಿಲ್ಲ. ಧರ್ಮಕೇಂದ್ರವೊಂದು ತಲೆಮಾರಿನಿಂದ ತಲೆಮಾರಿಗೆ ಬಾಳುವುದು ಆ ಕೆಲಸದಿಂದಲೇ. ಆದಕಾರಣ ಈ ದಿನ ನಾವು ಮಕ್ಕಳ ಮತ್ತು ಯುವಜನರ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬಯಸುತ್ತೇವೆ.

ಮಕ್ಕಳನ್ನು ನಾಳಿನ ಧರ್ಮಸಭೆಯೆಂದು ಕರೆಯುವುದು ವಾಡಿಕೆ. ಶುಭಸಂದೇಶದಲ್ಲಿ ಕಾಣುವ ಮಕ್ಕಳಾದರೋ ನಾಳೆಗಾಗಿ ಕಾದವರಲ್ಲ. ಹನ್ನೆರಡು ವರ್ಷದ ಯೇಸುಸ್ವಾಮಿ ಜೆರುಸಲೇಮಿನ ದೇವಾಲಯದಲ್ಲಿ ಶಾಸ್ತ್ರಿಗಳ ನಡುವೆ ಕುಳಿತು ಅವರ ಮಾತುಗಳನ್ನು ಆಲಿಸಿದರು, ಅವರನ್ನು ಪ್ರಶ್ನಿಸಿದರು. ಅಡವಿಯಲ್ಲಿ ಐದು ಸಾವಿರ ಜನರು ಹಸಿದು ಕುಳಿತಾಗ ಪ್ರೇಷಿತ ಆಂದ್ರೆಯನಿಗೆ ಕಂಡವನು ಒಬ್ಬ ಹುಡುಗ. ಅವನ ಬುತ್ತಿಯಲ್ಲಿ ಇದ್ದುದು ಜವೆಗೋದಿಯ ಐದು ರೊಟ್ಟಿ, ಎರಡು ಮೀನು. ಜವೆಗೋದಿಯು ಆ ನಾಡಿನ ಬಡವರ ಧಾನ್ಯ, ನಮ್ಮಲ್ಲಿಯ ಸಜ್ಜೆಯಿದ್ದಂತೆ. ಬಡವರ ಮನೆಯ ಆ ಸಣ್ಣ ಬುತ್ತಿಯಿಂದಲೇ ಸ್ವಾಮಿಯವರು ಜನಸ್ತೋಮದ ಹಸಿವನ್ನು ನೀಗಿಸಿದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಮಗುವು ಕೊಡುವುದಕ್ಕೂ ಶಕ್ತವಾದುದು ಎಂಬುದನ್ನು ನಾವು ಇಲ್ಲಿ ಮನಗಾಣಬೇಕು.

ಧರ್ಮಸಭೆಯು ಈ ಸತ್ಯವನ್ನು ಕಾಲಕಾಲಕ್ಕೆ ಆಚರಣೆಗೆ ತಂದಿದೆ. 1843ರಲ್ಲಿ ಫ್ರಾನ್ಸಿನ ಧರ್ಮಾಧ್ಯಕ್ಷ ಫೋರ್ಬಿನ್ ಜಾನ್ಸನ್‌ರವರು ‘ಪವಿತ್ರ ಬಾಲ್ಯ’ ಸಂಘವನ್ನು ಕಟ್ಟಿ, ಪ್ರತಿ ಮಗುವೂ ದಿನಕ್ಕೊಂದು ನಮೋಮರಿಯಾ ಜಪವನ್ನೂ ತಿಂಗಳಿಗೊಂದು ಚಿಕ್ಕ ಕಾಸನ್ನೂ ದೂರದೇಶದ ಮಕ್ಕಳಿಗಾಗಿ ಅರ್ಪಿಸುವಂತೆ ಕೇಳಿಕೊಂಡರು. 1905ರಲ್ಲಿ ಜಗದ್ಗುರು ಹತ್ತನೇ ಪಯಸ್ಸರು ಭಾನುವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಒಂದು ಗಂಟೆಯ ಕಾಲ ಮಕ್ಕಳಿಗೆ ಧರ್ಮೋಪದೇಶ ನೀಡುವ ಹೊಣೆಯನ್ನು ಎಲ್ಲಾ ಧರ್ಮಕೇಂದ್ರದ ಗುರುಗಳ ಮೇಲೆ ಹೊರಿಸಿದರು. 1910ರಲ್ಲಿ ಅದೇ ಜಗದ್ಗುರುಗಳು, ವಿವೇಚನೆ ಮೂಡುವ ಸುಮಾರು ಏಳನೆಯ ವಯಸ್ಸಿನಲ್ಲಿಯೇ ಮಗುವಿಗೆ ಪರಮಪ್ರಸಾದವನ್ನು ನೀಡಬಹುದೆಂದು ಸಾರಿದರು. ಅದಕ್ಕೂ ಮೊದಲು ಅನೇಕ ದೇಶಗಳಲ್ಲಿ ಮಕ್ಕಳು ಹತ್ತು ಹನ್ನೆರಡು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು ಕಾಲ, ಕಾಯಬೇಕಾಗಿತ್ತು. ಇಂದು ಏಳೆಂಟು ವರ್ಷದ ನಮ್ಮ ಮಕ್ಕಳು ಶ್ವೇತವಸ್ತ್ರ ಧರಿಸಿ ಪೀಠದ ಮುಂದೆ ನಿಲ್ಲುವುದು ಆ ಒಂದು ಆಜ್ಞೆಯ ಫಲ.

ಧರ್ಮಕೇಂದ್ರದ ಅಂಗಳದಲ್ಲಿ ಮಕ್ಕಳಿಗಾಗಿ ನಡೆಯುವ ಕಾರ್ಯಗಳು ಮೇಲ್ನೋಟಕ್ಕೆ ಸಣ್ಣವು. ಧರ್ಮೋಪದೇಶದ ತರಗತಿ, ಪೀಠಸೇವೆ, ಗಾಯನ ವೃಂದ, ಕ್ರಿಸ್ತಜಯಂತಿಯ ಗೋದಲಿ, ಬೇಸಿಗೆ ಶಿಬಿರ, ಆಟೋಟ, ನಾಟಕ, ಇಷ್ಟೇ. ಆದರೆ ಪೀಠಸೇವೆ ಮಾಡುವ ಬಾಲಕನನ್ನು ಗಮನಿಸಿ ನೋಡಿರಿ. ಅವನು ಎಲ್ಲರಿಗಿಂತ ಮುಂಚಿತವಾಗಿ ಎದ್ದು ಬರಬೇಕು, ಕೈಕಾಲು ತೊಳೆದು ಶುಚಿಯಾಗಿರಬೇಕು, ನೂರು ಜನರ ಕಣ್ಣೆದುರಿಗೆ ಅಂಜದೆ ನಡೆಯಬೇಕು, ಯಾವಾಗ ಮಾತನಾಡಬೇಕು, ಯಾವಾಗ ಮೌನವಾಗಿರಬೇಕು ಎಂಬುದನ್ನು ಅರಿಯಬೇಕು. ವಾಚನಪೀಠದಲ್ಲಿ ನಿಂತು ಕನ್ನಡದಲ್ಲಿ ವಾಚನವನ್ನು ಓದುವ ಬಾಲಕಿಯನ್ನು ನೋಡಿರಿ. ಅವಳ ಅಜ್ಜಿಗೆ ಅಕ್ಷರದ ಪರಿಚಯವೇ ಇದ್ದಿರಲಾರದು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಅಜ್ಜಿ ಕೇಳಿದ ಪೂಜೆಯಾದರೋ ಲತೀನಿನದು. ಮೊಮ್ಮಗಳ ಬಾಯಿಂದ ದೇವರ ವಾಕ್ಯವು ತಾಯ್ನುಡಿಯಲ್ಲಿ ಹೊರಡುವಾಗ, ಆ ಮನೆಯಲ್ಲಿ ಅದೆಷ್ಟು ದೂರದ ಪ್ರಯಾಣ ನಡೆದಿದೆ! ಗೋದಲಿ ಕಟ್ಟುವ ಮಕ್ಕಳು ಹೊಲದ ಮಣ್ಣು ತಂದು, ಜೋಳದ ಮೊಳಕೆ ಬೆಳೆಸಿ, ಜಗಳವಾಡಿ, ರಾಜಿಯಾಗಿ, ಕೂಡಿ ದುಡಿಯುವುದನ್ನು ಕಲಿಯುತ್ತಾರೆ. ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರಿಯ ಬಂಧುಗಳೇ, ಈಗ ನಮ್ಮ ಮನಸ್ಸನ್ನು ಬಹಳವಾಗಿ ಕಾಡುವ ಸಂಗತಿಗೆ ಬರುತ್ತೇವೆ. ನಮ್ಮ ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಸೀಮೆಯು ಮಳೆಯನ್ನೇ ನಂಬಿದ ಸೀಮೆ. ತುಂಗಭದ್ರೆ ಸಮೀಪದಲ್ಲಿಯೇ ಹರಿದರೂ ಎಲ್ಲಾ ಹೊಲಗಳಿಗೂ ಅವಳ ನೀರು ಏರಿಲ್ಲ. ಸುಗ್ಗಿ ಕೈಕೊಟ್ಟ ವರ್ಷ, ದೀಪಾವಳಿ ಕಳೆಯುತ್ತಲೇ, ಬಡ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಕೆಲವರು ಮಂಡ್ಯದ ಕಡೆಗೆ ಕಬ್ಬು ಕಡಿಯುವುದಕ್ಕೆ, ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ತಂದೆತಾಯಿಯರೊಡನೆ ಮಕ್ಕಳೂ ಹೋಗುತ್ತಾರೆ. ಅನೇಕರು ಹಿಂದಿರುಗುವುದು ಯುಗಾದಿಯ ಹೊತ್ತಿಗೆ.

ಈ ತಿಂಗಳುಗಳ ಲೆಕ್ಕವನ್ನು ನೋಡಿರಿ. ಕಾಫಿ ಹಣ್ಣು ಬಿಡಿಸುವ ಕಾಲವು ನವೆಂಬರಿನಿಂದ ಫೆಬ್ರವರಿ, ಮಾರ್ಚಿಯವರೆಗೆ. ಶಾಲೆಯ ವರ್ಷದ ಉತ್ತರಾರ್ಧವೆಲ್ಲಾ ಅದೇ. ಧರ್ಮಸಭೆಯ ವರ್ಷದಲ್ಲಿ ಆಗಮನ ಕಾಲ, ಕ್ರಿಸ್ತಜಯಂತಿ, ತಪಸ್ಸು ಕಾಲ ಬರುವುದೂ ಆಗಲೇ. ಗೋದಲಿ ಕಟ್ಟಬೇಕಾದ ಕೈಗಳು ಆ ಹೊತ್ತಿಗೆ ತೋಟದ ಸಾಲುಗಳಲ್ಲಿರುತ್ತವೆ. ಪ್ರಥಮ ಪರಮಪ್ರಸಾದದ ಸಿದ್ಧತೆ ನಡೆಯುವಾಗ ಚಾಪೆಯ ಮೇಲೆ ಅಲ್ಲಲ್ಲಿ ಜಾಗ ಖಾಲಿ ಬೀಳುತ್ತದೆ. ಹಿಂದಿರುಗಿದ ಮಗುವಿಗೆ ಶಾಲೆಯಲ್ಲಿ ಪಾಠ ಮುಂದೆ ಹೋಗಿರುತ್ತದೆ, ದೇವಾಲಯದಲ್ಲಿ ತರಗತಿ ಮುಂದೆ ಹೋಗಿರುತ್ತದೆ. ತನಗಿಂತ ಚಿಕ್ಕವರ ನಡುವೆ ಕುಳಿತುಕೊಳ್ಳಲು ಅದಕ್ಕೆ ನಾಚಿಕೆ. ಒಂದು ವರ್ಷ ನಾಚುತ್ತದೆ. ಎರಡನೆಯ ವರ್ಷ ಬರುವುದನ್ನೇ ಬಿಡುತ್ತದೆ. ಹುಡುಗನಾದರೆ ಕೂಲಿಗೆ ಸೇರುತ್ತಾನೆ. ಹುಡುಗಿಯಾದರೆ ಮದುವೆಯ ಮಾತು ಮನೆಗೆ ಬರುತ್ತದೆ. ನಮ್ಮ ಹಡಗಲಿಯ ಮಲ್ಲಿಗೆಯನ್ನು ಅರಳುವ ಮುನ್ನ, ಮೊಗ್ಗಿನಲ್ಲಿಯೇ ಬಿಡಿಸಬೇಕು. ಅದು ಹೂವಿನ ಧರ್ಮ. ಮಕ್ಕಳನ್ನು ಹಾಗೆ ಬಿಡಿಸುವುದು ಯಾವ ಧರ್ಮವೂ ಅಲ್ಲ. ಹೆಣ್ಣಿಗೆ 18, ಗಂಡಿಗೆ 21 ತುಂಬದೆ ವಿವಾಹವಾಗಕೂಡದೆಂದು 2006ರ ಕಾಯಿದೆ ವಿಧಿಸಿದೆ. ಆ ವಯಸ್ಸು ತುಂಬದ ಹೊರತು ದೇವಾಲಯದಲ್ಲಿ ವಿವಾಹದ ಪ್ರಕಟಣೆ ಓದಲಾಗದು.

ಈ ಸಂಕಟ ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ಇದಕ್ಕೆ ದಾರಿ ಕಂಡುಕೊಂಡ ಗುರುವೊಬ್ಬರು ಇದ್ದರು. 1841ನೇ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಇಟಲಿಯ ತೂರಿನ್ ನಗರದಲ್ಲಿ ಹೊಸದಾಗಿ ಗುರುದೀಕ್ಷೆ ಪಡೆದ ಜಾನ್ ಬೋಸ್ಕೊರವರು ಪೂಜೆಗೆ ಸಿದ್ಧರಾಗುತ್ತಿದ್ದರು. ಸಂಕೀರ್ತಿ ಕೋಣೆಯ ಮೂಲೆಯಲ್ಲಿ ಒಬ್ಬ ಹುಡುಗ ನಿಂತಿದ್ದನು. ಪೀಠಸೇವೆ ಬಾರದೆಂದು ತಿಳಿದ ಕೂಡಲೇ ದೇವಾಲಯದ ಸೇವಕನು ಅವನನ್ನು ಹೊಡೆದು ಓಡಿಸಿದನು. ಬೋಸ್ಕೊರವರು ಅವನನ್ನು ಮರಳಿ ಕರೆಯಿಸಿದರು. ಅವನ ಹೆಸರು ಬಾರ್ತಲೋಮಿಯೊ ಗರೆಲ್ಲಿ, ವಯಸ್ಸು 16, ಆಸ್ತಿ ಪಟ್ಟಣದಿಂದ ಕೆಲಸ ಅರಸಿ ಬಂದಿದ್ದ ಅನಾಥ, ಗಾರೆ ಕೆಲಸದವನು. ಓದು ಬರಹ ಬಾರದು, ಪ್ರಥಮ ಪರಮಪ್ರಸಾದ ಆಗಿಲ್ಲ. ಧರ್ಮೋಪದೇಶಕ್ಕೆ ಏಕೆ ಹೋಗುವುದಿಲ್ಲವೆಂದರೆ, ತನಗಿಂತ ಚಿಕ್ಕವರೆಲ್ಲಾ ಬಲ್ಲವರಾಗಿರುವಾಗ ತಾನು ಏನೂ ತಿಳಿಯದೆ ಕುಳಿತುಕೊಳ್ಳಲು ನಾಚಿಕೆಯೆಂದನು. ನಮ್ಮ ಮಕ್ಕಳ ನಾಚಿಕೆಯೂ ಅದೇ ಅಲ್ಲವೇ? ಬೋಸ್ಕೊರವರು ಅವನಿಗೆ ಪ್ರತ್ಯೇಕವಾಗಿ ಕಲಿಸುವುದಾಗಿ ಹೇಳಿ, ಅಂದೇ ಶಿಲುಬೆಯ ಗುರುತಿನಿಂದ ಪಾಠವನ್ನು ಆರಂಭಿಸಿದರು. ಅವನು ಮುಂದಿನ ಭಾನುವಾರ ತನ್ನ ಗೆಳೆಯರನ್ನು ಕರೆತಂದನು. ಆ ಒಂದು ಪಾಠದಿಂದ ಸಲೇಷಿಯನ್ ಸಭೆಯ ಕಾರ್ಯವೆಲ್ಲಾ ಹುಟ್ಟಿತು.

ಅವರು ಪಾಠದಲ್ಲಿಯೇ ನಿಲ್ಲಲಿಲ್ಲ. ಕೆಲಸಕ್ಕೆ ಸೇರುವ ಹುಡುಗರ ಪರವಾಗಿ ಯಜಮಾನರೊಡನೆ ಬರಹದ ಒಪ್ಪಂದ ಮಾಡಿಸಿದರು. ಹುಡುಗನನ್ನು ಹೊಡೆಯಕೂಡದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳಿರುವ 1852ರ ಒಪ್ಪಂದ ಪತ್ರ ಇಂದಿಗೂ ಉಳಿದಿದೆ. ನಮ್ಮ ನೆರೆಯ ಹೊಸಪೇಟೆಯಲ್ಲಿ ಅದೇ ಸಭೆಯವರು ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಶಾಲೆಗೆ ಮರಳಿಸುವ ಸೇವೆಯನ್ನು ಕೈಗೊಂಡರು.

ಹಾಗಾದರೆ ನಾವು ಮಾಡಬೇಕಾದುದೇನು? ಹೊಟ್ಟೆಪಾಡಿಗೆ ಹೊರಡುವ ತಂದೆತಾಯಿಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಹಸಿದವನಿಗೆ ಉಪದೇಶ ರುಚಿಸದು. ಆದರೆ ಕೆಲವು ಕಾರ್ಯಗಳು ನಮ್ಮ ಕೈಯಳತೆಯಲ್ಲಿಯೇ ಇವೆ.

ಮೊದಲನೆಯದಾಗಿ, ಹೊರಡುವ ಮುನ್ನ ಪ್ರತಿ ಕುಟುಂಬವೂ ಮಕ್ಕಳ ಹೆಸರನ್ನೂ ಹೋಗುವ ಊರನ್ನೂ ಗುರುಮನೆಯಲ್ಲಿ ಬರೆಸಿ ಹೋಗಲಿ. ಚಿಕ್ಕಮಗಳೂರಿಗೂ ಧರ್ಮಕ್ಷೇತ್ರವಿದೆ, ಕೊಡಗು, ಮಂಡ್ಯಗಳು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿವೆ. ಈ ಮಗುವು ನಮ್ಮದು, ಅಲ್ಲಿರುವ ತನಕ ನಿಮ್ಮದು ಎಂದು ಅಲ್ಲಿಯ ಗುರುಗಳಿಗೆ ಒಂದು ಪತ್ರ ಬರೆದುಕೊಡಲು ನಮಗೆ ಐದು ನಿಮಿಷ ಸಾಕು.

ಎರಡನೆಯದಾಗಿ, ಅಜ್ಜ ಅಜ್ಜಿಯರೋ ಬಂಧುಗಳೋ ಊರಿನಲ್ಲಿರುವಾಗ ಮಕ್ಕಳನ್ನು ಅವರ ಬಳಿ ಬಿಟ್ಟುಹೋಗಿರಿ. ಸರ್ಕಾರವು ವಲಸೆ ಕುಟುಂಬಗಳ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆಗಳನ್ನು ತೆರೆದದ್ದುಂಟು. ಅಂತಹ ವ್ಯವಸ್ಥೆ ಇದೆಯೇ ಎಂದು ಶಾಲೆಯಲ್ಲಿ ವಿಚಾರಿಸಿರಿ. ಇಂತಹ ಮನೆಗಳ ಮಕ್ಕಳನ್ನು ಸಂಜೆ ಓದಿಸುವುದು ನಮ್ಮ ಯುವಜನರ ಸೇವೆಯಾಗಲಿ.

ಮೂರನೆಯದಾಗಿ, ಮರಳಿ ಬಂದ ಮಗುವನ್ನು ಶಾಲೆಯು ಸೇರಿಸಿಕೊಳ್ಳಲೇಬೇಕು. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯು 2010ನೇ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಗುವನ್ನು ಹಿಂದಕ್ಕೆ ಕಳುಹಿಸಲಾಗದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠವನ್ನು ವಿಶೇಷವಾಗಿ ಕಲಿಸಬೇಕು. ಧರ್ಮೋಪದೇಶದಲ್ಲಿಯೂ ನಾವು ಇದೇ ಕ್ರಮವನ್ನು ಅನುಸರಿಸೋಣ: ಯುಗಾದಿಯ ನಂತರ ಮರಳಿದವರಿಗೆ ಪ್ರತ್ಯೇಕ ತರಗತಿ, ಬೇಸಿಗೆಯಲ್ಲಿ ಶಿಬಿರ, ಅವರು ಊರಿನಲ್ಲಿರುವಾಗಲೇ ಪ್ರಥಮ ಪರಮಪ್ರಸಾದ.

ನಾಲ್ಕನೆಯದಾಗಿ, ಮಕ್ಕಳ ರಕ್ಷಣೆ. ಅಂಗಳಕ್ಕೆ ಬಂದ ಮಗುವು ಕ್ಷೇಮವಾಗಿ ಮನೆ ಸೇರುವುದು ಹಿರಿಯರೆಲ್ಲರ ಹೊಣೆ. ತರಗತಿಗಳು ತೆರೆದ ಬಾಗಿಲಿನಲ್ಲಿ, ಇಬ್ಬರು ಹಿರಿಯರ ಸಮ್ಮುಖದಲ್ಲಿ ನಡೆಯಲಿ. ಕಷ್ಟದಲ್ಲಿರುವ ಮಗುವಿಗೆ 1098 ಎಂಬ ಸಹಾಯವಾಣಿ ಇದೆ. ಆ ನಾಲ್ಕು ಅಂಕಿಗಳನ್ನು ಜಪದಂತೆ ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ.

ಯುವಜನರೇ, ನಿಮಗೂ ಒಂದು ಮಾತು. ಬೆಲ್ಜಿಯಂ ದೇಶದಲ್ಲಿ ಜೋಸೆಫ್ ಕಾರ್ಡಿನ್ ಎಂಬ ಗುರುಗಳು 1925ರ ಸುಮಾರಿಗೆ ದುಡಿಯುವ ಯುವಕರ ಸಂಘವನ್ನು ಕಟ್ಟಿ, ಮೂರು ಹೆಜ್ಜೆಗಳನ್ನು ಕಲಿಸಿದರು: ಇರುವುದನ್ನು ಕಣ್ಣಾರೆ ನೋಡು, ಶುಭಸಂದೇಶದ ಬೆಳಕಿನಲ್ಲಿ ವಿವೇಚಿಸು, ಬಳಿಕ ಕಾರ್ಯ ಮಾಡು. ವೈ.ಸಿ.ಎಸ್. ಸಂಘದಲ್ಲಿ ನಿಮ್ಮಲ್ಲಿ ಕೆಲವರು ಇದನ್ನು ಕಲಿತಿರಬಹುದು. ನಿಮ್ಮ ಓಣಿಯಲ್ಲಿ ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಗುರುಗಳಿಗಿಂತ ಮೊದಲು ನಿಮಗೆ ತಿಳಿಯುತ್ತದೆ. ಕೈಯಲ್ಲಿರುವ ಮೊಬೈಲನ್ನು ನಾವು ಶಪಿಸುವುದಿಲ್ಲ. 2006ರಲ್ಲಿ ಹದಿನೈದರ ಹರೆಯದಲ್ಲಿ ತೀರಿಕೊಂಡ ಕಾರ್ಲೊ ಅಕ್ಯುತಿಸ್ ಎಂಬ ಬಾಲಕನು ಪರಮಪ್ರಸಾದದ ಅದ್ಭುತಗಳ ವಿವರವನ್ನು ಕಂಪ್ಯೂಟರಿನಲ್ಲಿ ಜೋಡಿಸಿದನು. 2025ನೇ ಸೆಪ್ಟೆಂಬರ್ 7ರಂದು ಅವನು ಸಂತನೆಂದು ಘೋಷಿತನಾದನು. ಅದೇ ಮೊಬೈಲಿನಿಂದ ತೋಟದ ಲೈನಿನಲ್ಲಿರುವ ತಮ್ಮನಿಗೋ ತಂಗಿಗೋ ವಾರಕ್ಕೊಮ್ಮೆ ಪಾಠ ಹೇಳಲು ನಿಮ್ಮಿಂದಾಗದೇ?

ಕೊನೆಯದಾಗಿ, ಆಟದ ಅಂಗಳಕ್ಕೂ ಸಂಜೆಯ ಪಾಠಕ್ಕೂ ಜಾತಿ ಮತಗಳ ಬೇಲಿ ಬೇಡ. ಊರಿನ ಯಾವ ಮಗು ಬಂದರೂ ಚೆಂಡು ಅದರದ್ದೂ ಹೌದು, ದೀಪದ ಬೆಳಕು ಅದರದ್ದೂ ಹೌದು.

ಪ್ರಿಯ ಬಂಧುಗಳೇ, ಹಬ್ಬದ ತೋರಣ ನಾಳೆ ಬಾಡುತ್ತದೆ. ಗೋಡೆಯ ಬಣ್ಣ ಕೆಲವು ಮಳೆಗಳಿಗೆ ಮಾಸುತ್ತದೆ. ಈ ವರ್ಷ ದೀಪಾವಳಿಯ ನಂತರದ ಭಾನುವಾರ ಧರ್ಮೋಪದೇಶದ ಹಾಜರಿ ಪುಸ್ತಕವನ್ನು ತೆರೆದಾಗ, ಗೈರುಹಾಜರಾದ ಪ್ರತಿಯೊಂದು ಹೆಸರಿನ ಮುಂದೆಯೂ ಆ ಮಗು ಎಲ್ಲಿದೆ, ಯಾರ ಬಳಿ ಇದೆ, ಎಂದು ಬರುತ್ತದೆ ಎಂಬುದು ಬರೆದಿರಲಿ. ನಮ್ಮ ಶತಮಾನೋತ್ಸವದ ಕಾಣಿಕೆ ಅದೇ ಆಗಲಿ. ಮಕ್ಕಳನ್ನು ಹತ್ತಿರಕ್ಕೆ ಕರೆದು ತಲೆಯ ಮೇಲೆ ಕೈಯಿಟ್ಟು ಹರಸಿದ ಯೇಸುಸ್ವಾಮಿಯವರು ಊರಿನಲ್ಲಿರುವ ಮಕ್ಕಳನ್ನೂ ಊರು ಬಿಟ್ಟ ಮಕ್ಕಳನ್ನೂ ಹರಸಲಿ. ಮಾತೆ ಮರಿಯಮ್ಮನವರು ಅವರೆಲ್ಲರನ್ನೂ ತಮ್ಮ ಸೆರಗಿನಲ್ಲಿ ಕಾಪಾಡಲಿ. ನಿಮ್ಮೆಲ್ಲರಿಗೂ ದೇವರ ಆಶೀರ್ವಾದವಿರಲಿ.