ಕಾಡು ನೋಡುವ ಮಕ್ಕಳಿಗೂ ಒಂದು ಪಾಲು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಮಾದರಿ ವ್ಯಕ್ತಿಗಳ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರು ಕೇಳಿದ್ದಾರೆ. ಇಂಥ ಸಭೆಗಳಲ್ಲಿ ನಾವು ಪ್ರತಿ ವರ್ಷ ಅಬ್ದುಲ್ ಕಲಾಂ ಅವರ ಹೆಸರು ಹೇಳಿ ಕುಳಿತುಕೊಳ್ಳುತ್ತೇವೆ. ಅದು ತಪ್ಪಲ್ಲ. ಆದರೆ ಈ ಸಲ ಅರ್ಜಿಗಳನ್ನು ಪರಿಶೀಲಿಸುವಾಗ ಕಂಡ ಒಂದು ಸಂಗತಿಯಿಂದ ನಮ್ಮ ಮಾತಿನ ದಾರಿ ಬದಲಾಯಿತು. ನಮೂನೆಯಲ್ಲಿ ‘ಮುಂದೆ ಏನಾಗಬಯಸುತ್ತೀರಿ’ ಎಂಬ ಕಲಂ ಇದೆ. ಹೆಚ್ಚಿನವರು ಡಾಕ್ಟರ್, ಇಂಜಿನಿಯರ್, ನರ್ಸಿಂಗ್, ಬಿ.ಕಾಂ. ಎಂದು ಬರೆದಿದ್ದರು. ಒಂದು ಅರ್ಜಿಯಲ್ಲಿ ಮಾತ್ರ ವೈಟ್ನರ್ ಹಚ್ಚಿ, ಅದರ ಮೇಲೆ ಬೇರೆ ಕೈಬರಹದಲ್ಲಿ ‘ನರ್ಸಿಂಗ್’ ಎಂದಿತ್ತು. ಬೆಳಕಿಗೆ ಹಿಡಿದು ನೋಡಿದರೆ ಕೆಳಗಿನ ಅಕ್ಷರ ಕಾಣುತ್ತಿತ್ತು: ‘ಕಪ್ಪೆಗಳ ಬಗ್ಗೆ ಓದಬೇಕು’. ಯಾರ ಅರ್ಜಿ ಎಂದು ಹೇಳುವುದಿಲ್ಲ. ಆ ಮಗು ಇಲ್ಲೇ ಕುಳಿತಿರಬಹುದು, ವೈಟ್ನರ್ ಹಚ್ಚಿದವರು ಪಕ್ಕದಲ್ಲೇ ಇರಬಹುದು. ಅವರ ಮೇಲೆ ನಮಗೆ ಸಿಟ್ಟಿಲ್ಲ. ನಾವು ಮೇಷ್ಟ್ರುಗಳೂ ಇದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದೇವೆ, ನಮ್ಮ ಕೈಯಲ್ಲಿ ವೈಟ್ನರ್ ಬದಲು ಬೆತ್ತ ಇತ್ತು ಅಷ್ಟೇ.

ಬಯಲು ಸೀಮೆ ಕಡೆಯ ಒಂದು ಶಾಲೆಯಲ್ಲಿ ನಾವಿದ್ದಾಗ ಎಂಟನೇ ತರಗತಿಯ ಒಬ್ಬ ಹುಡುಗ ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದ. ಕೇಳಿದರೆ ಕೆರೆ ಏರಿಯ ಈಚಲು ಮರದಲ್ಲಿ ಗೀಜುಗ ಗೂಡು ಕಟ್ಟುತ್ತಿದೆ, ಅದನ್ನು ನೋಡುತ್ತಿದ್ದೆ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಸಾರ್, ಕಟ್ಟೋದು ಗಂಡು. ಅರ್ಧ ಕಟ್ಟಿದ ಮೇಲೆ ಹೆಣ್ಣು ಬಂದು ಒಳಗೆ ಹೊರಗೆ ನೋಡುತ್ತೆ. ಹಿಡಿಸಿದರೆ ಇರುತ್ತೆ, ಇಲ್ಲಾಂದ್ರೆ ಹೋಗುತ್ತೆ’ ಎಂದ. ಇಡೀ ತರಗತಿ ನಕ್ಕಿತು. ನಾವೂ ನಕ್ಕೆವು. ಆಮೇಲೆ ಅವನನ್ನು ಹೊರಗೆ ನಿಲ್ಲಿಸಿದೆವು. ಹೀಗೆ ಹಲವು ಸಲ ನಿಲ್ಲಿಸಿದ್ದುಂಟು. ಹತ್ತನೇ ತರಗತಿ ಮುಟ್ಟುವ ಮೊದಲೇ ಅವನು ಶಾಲೆ ಬಿಟ್ಟ.

ಎಷ್ಟೋ ವರ್ಷದ ಮೇಲೆ ಸಲೀಂ ಅಲಿಯವರ ಬಗ್ಗೆ ಓದುವಾಗ ನಮಗೆ ಬೆವರು ಬಂತು. ಅವರಿಗೆ ಮೊದಲು ಹೆಸರು ತಂದುಕೊಟ್ಟ ಅಧ್ಯಯನ ಯಾವುದು ಗೊತ್ತೇ? 1930ರಲ್ಲಿ ಮುಂಬೈ ಹತ್ತಿರದ ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ಕುಳಿತು ಅವರು ಗೀಜುಗನ ಗೂಡುಗಳನ್ನು ನೋಡಿದರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಗಂಡು ಅದನ್ನು ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡು ಶುರು ಮಾಡುತ್ತದೆ ಎಂದು ಬರೆದರು. ನಮ್ಮ ಹುಡುಗ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಒಬ್ಬರಿಗೆ ಅದರಿಂದ ಕೀರ್ತಿ ಬಂತು, ಇನ್ನೊಬ್ಬನಿಗೆ ತರಗತಿಯ ಹೊರಗೆ ನಿಲ್ಲುವ ಶಿಕ್ಷೆ ಸಿಕ್ಕಿತು.

ಸಲೀಂ ಅಲಿಯವರ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ನಮ್ಮ ಮಕ್ಕಳಿಗೆ ಹೆಸರು ಗೊತ್ತು, ಬಾಳು ಗೊತ್ತಿಲ್ಲ. ಹುಟ್ಟಿದ್ದು 1896ರಲ್ಲಿ. ಹುಟ್ಟಿದ ವರ್ಷದೊಳಗೆ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಯತೀಮ್ ಮಗು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ. ಒಂದು ದಿನ ಆಟದ ಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದಾಗ ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡಿತು. ಇದನ್ನು ಮುಸಲ್ಮಾನರು ತಿನ್ನಬಹುದೋ ಇಲ್ಲವೋ ಎಂಬ ಅನುಮಾನದಲ್ಲೇ ಹುಡುಗ ಅದನ್ನು ಮಾವನಿಗೆ ತೋರಿಸಿದ. ಮಾವ ಬಯ್ಯಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬವರ ಹತ್ತಿರ ಕಳುಹಿಸಿದರು. ಅವರು ಕಪಾಟಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಸಂಗ್ರಹಿಸಿಟ್ಟ ಹಕ್ಕಿಗಳನ್ನು ಹುಡುಗನಿಗೆ ತೋರಿಸಿದರು. ಮುಂದಿನ ಎಂಬತ್ತು ವರ್ಷಕ್ಕೆ ಸಾಕಾಗುವಷ್ಟು ಕುತೂಹಲ ಅಲ್ಲಿ ಹುಟ್ಟಿತು. ಪೋಷಕರು ಇದನ್ನು ಗಮನಿಸಬೇಕು. ಮಾವ ಪಕ್ಷಿತಜ್ಞರಲ್ಲ. ಅವರು ಮಾಡಿದ್ದು ಇಷ್ಟೇ: ತನಗೆ ಗೊತ್ತಿಲ್ಲದ ಪ್ರಶ್ನೆಯನ್ನು ಗೊತ್ತಿರುವವರ ಬಳಿಗೆ ಕಳುಹಿಸಿದರು.

ಓದಿನಲ್ಲಿ ಸಲೀಂ ಅಲಿ ಮುಂದಿದ್ದವರಲ್ಲ. ಮೆಟ್ರಿಕ್ ಹೇಗೋ ದಾಟಿದರು. ಕಾಲೇಜಿನ ಗಣಿತ ಹಿಡಿಸದೆ ಬರ್ಮಾಕ್ಕೆ ಹೋಗಿ ಮನೆಯವರ ವ್ಯಾಪಾರ ನೋಡಿಕೊಂಡರು, ಅದೂ ಕೈ ಹತ್ತಲಿಲ್ಲ. ಸರಿಯಾದ ಪದವಿ ಇಲ್ಲವೆಂದು ಸರ್ಕಾರಿ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಕೆಲಸವೂ ಸಿಗಲಿಲ್ಲ. ಜರ್ಮನಿಗೆ ಹೋಗಿ ಕಲಿತು ಬಂದರು. 1939ರಲ್ಲಿ ಪತ್ನಿ ತಹಮೀನಾ ತೀರಿಕೊಂಡರು. ಆ ದುಃಖದ ಕಾಲದಲ್ಲೇ, 1939-40ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಮಾಡಿದರು. ಭಾರತದ ಹಕ್ಕಿಗಳ ಬಗ್ಗೆ ಅವರ ಪುಸ್ತಕ ಬಂದದ್ದು 1941ರಲ್ಲಿ. 1976ರಲ್ಲಿ ಪದ್ಮವಿಭೂಷಣ ಬಂತು. ಅರವತ್ತು ಪರ್ಸೆಂಟ್ ಕಡ್ಡಾಯ ಎಂಬಂಥ ನಿಯಮ ಇಟ್ಟಿದ್ದರೆ ನಮ್ಮ ಟ್ರಸ್ಟ್ ಅವರ ಅರ್ಜಿಯನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ದಾನಿಗಳು ಕ್ಷಮಿಸಬೇಕು, ಇದು ನಮಗೆ ನಾವೇ ಹೇಳಿಕೊಳ್ಳುತ್ತಿರುವ ಮಾತು.

‘ಅದೆಲ್ಲ ಗಂಡಸರಿಗೆ ಮೇಷ್ಟ್ರೇ, ಹೆಣ್ಣುಮಕ್ಕಳು ಕಾಡಲ್ಲಿ ಏನು ಮಾಡಬೇಕು?’ ಎಂದು ಕಳೆದ ವರ್ಷ ಒಬ್ಬರು ತಂದೆ ಕೇಳಿದರು. ಅವರ ಮನೆಯ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಎಂದು ನಾವು ಕೇಳಿದೆವು. ತೋಟಕ್ಕೆ ಎಂದರು. ಜಿಗಣೆ ಕಚ್ಚಿಸಿಕೊಂಡು, ಆನೆ ಬಂದಿದೆಯೇ ಎಂದು ವಿಚಾರಿಸಿಕೊಂಡು, ಮಂಜಿನಲ್ಲಿ ಕಾಫಿ ಕೊಯ್ಯುವವರು ನಮ್ಮ ತಾಯಂದಿರು. ಕೂಲಿಗೆ ಹೋಗುವಾಗ ಇಲ್ಲದ ಭಯ ಓದಿಗೆ ಹೋಗುವಾಗ ಎಲ್ಲಿಂದ ಬರುತ್ತದೆ?

ಜಮಾಲ್ ಆರಾ ಎಂಬ ಹೆಸರನ್ನು ಇಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. 1923ರಲ್ಲಿ ಬಿಹಾರದಲ್ಲಿ ಹುಟ್ಟಿದವರು, ಓದಿದ್ದು ಹತ್ತನೇ ತರಗತಿಯವರೆಗೆ. ಈಗಿನ ಜಾರ್ಖಂಡದ ಕಾಡುಗಳಲ್ಲಿ ಹಕ್ಕಿಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡು, ದೊಡ್ಡ ವಿಜ್ಞಾನ ಪತ್ರಿಕೆಗಳಲ್ಲಿ ದಶಕಗಳ ಕಾಲ ಲೇಖನ ಬರೆದರು. ಹಕ್ಕಿ ವೀಕ್ಷಣೆ ಬಗ್ಗೆ ಅವರ ಪುಸ್ತಕವನ್ನು 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು. ಹತ್ತನೇ ತರಗತಿ ಓದಿದ ಒಬ್ಬ ಮುಸ್ಲಿಂ ಹೆಣ್ಣುಮಗಳು.

ಇನ್ನೂ ಹಿಂದಕ್ಕೆ ಹೋದರೆ ಇಬ್ನ್ ಬತೂತ. 1325ರಲ್ಲಿ, ಇಪ್ಪತ್ತೊಂದು ವರ್ಷದ ಹುಡುಗ, ಮೊರೊಕ್ಕೊದಿಂದ ಹಜ್ಜಿಗೆಂದು ಹೊರಟವರು ಊರಿಗೆ ಮರಳಿದ್ದು ಇಪ್ಪತ್ನಾಲ್ಕು ವರ್ಷದ ಮೇಲೆ. ನಮ್ಮ ಕರಾವಳಿಯ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಹೋಗಿದ್ದಾರೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ, ಗಂಡುಮಕ್ಕಳಿಗೆ ಇಪ್ಪತ್ಮೂರು ಶಾಲೆ ಇದ್ದವು, ಹೆಂಗಸರಿಗೆ ಕುರ್‌ಆನ್ ಬಾಯಿಪಾಠ ಬರುತ್ತಿತ್ತು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ದಾಖಲಿಸಿದರು. ಆರೂವರೆ ಶತಮಾನಕ್ಕೂ ಹಿಂದೆ, ಘಟ್ಟದ ಕೆಳಗೆ! ಆ ಹುಡುಗ ಮನೆಯಲ್ಲೇ ಕುಳಿತಿದ್ದರೆ ಅಥವಾ ನೋಡಿಯೂ ಹೇಳದೆ ಹೋಗಿದ್ದರೆ ಇದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ನಮ್ಮ ಬೆಟ್ಟಗಳ ಕಾಫಿಯ ಕಥೆಯೂ ಪ್ರಯಾಣದ್ದೇ. ಹಜ್ಜಿನಿಂದ ಮರಳುವಾಗ ಬಾಬಾ ಬುಡನ್ ಅವರು ಏಳು ಬೀಜ ತಂದರೆಂದು ಹಿರಿಯರು ಹೇಳುತ್ತಾರೆ. ಭೂಮಿಯ ಮೇಲೆ ಸಂಚರಿಸಿ ನೋಡಿ ಎಂದು ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳಿರುವುದು ಸುಮ್ಮನೆ ಅಲ್ಲ.

ಮೂಡಿಗೆರೆಯಲ್ಲಿ ನಿಂತು ತೇಜಸ್ವಿಯವರನ್ನು ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. ಕುವೆಂಪು ಅವರ ಮಗ, ಕನ್ನಡ ಎಂ.ಎ. ಮಾಡಿದವರು, ಕಾಲೇಜಿನ ಕೆಲಸಕ್ಕೆ ಹೋಗದೆ ಇದೇ ತಾಲ್ಲೂಕಿನಲ್ಲಿ ಕಾಫಿ ತೋಟ ಮಾಡಿದರು, ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು. ಕೆನೆತ್ ಆಂಡರ್‌ಸನ್ ಅವರ ಶಿಕಾರಿ ಕಥೆಗಳನ್ನು ಕನ್ನಡಕ್ಕೆ ತಂದು ಒಂದು ಪೀಳಿಗೆಯ ಹುಡುಗರಿಗೆ ಓದುವ ಚಟ ಹತ್ತಿಸಿದರು. 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಮಂದಣ್ಣ ಬರುತ್ತಾನೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ, ಜೇನು ಹಿಡಿಯುವ ಹುಡುಗ. ದೊಡ್ಡ ವಿಜ್ಞಾನಿ ಅವನನ್ನು ಸಮಾನನಂತೆ ಕಾಣುತ್ತಾರೆ, ಏಕೆಂದರೆ ಕಾಡು ಅವನಿಗೆ ಗೊತ್ತು. ಆ ಕಾದಂಬರಿಯನ್ನು ನಾವು ತರಗತಿಯಲ್ಲಿ ಹೊಗಳಿದವರೇ. ಎದುರಿಗಿದ್ದ ಮಂದಣ್ಣನನ್ನು ಮಾತ್ರ ಗುರುತಿಸಲಿಲ್ಲ.

ಒಂದು ಎಚ್ಚರಿಕೆಯನ್ನೂ ಹುಡುಗರಿಗೆ ಹೇಳಬೇಕು. ಮಳೆಗಾಲದಲ್ಲಿ ಚಾರ್ಮಾಡಿಯ ಪಾಚಿಗಟ್ಟಿದ ಬಂಡೆ ಹತ್ತಿ ಸೆಲ್ಫಿ ತೆಗೆಯುವುದು ಸಾಹಸ ಅಲ್ಲ, ತಾಯಿಯ ಹೊಟ್ಟೆ ಉರಿಸುವ ಕೆಲಸ. ಕುದುರೆಮುಖಕ್ಕೆ ಹೋಗಬೇಕೇ, ಅರಣ್ಯ ಇಲಾಖೆಯ ಅನುಮತಿ ಪಡೆದು, ಮನೆಯಲ್ಲಿ ಹೇಳಿ ಹೋಗಿ. ಬರುವಾಗ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡು ಬನ್ನಿ. ಸಲೀಂ ಅಲಿಯವರೂ ಜಮಾಲ್ ಆರಾ ಅವರೂ ಮಾಡಿದ್ದು ಮುಖ್ಯವಾಗಿ ಇದನ್ನೇ: ಸುಮ್ಮನೆ ಕುಳಿತು ನೋಡಿದರು, ನೋಡಿದ್ದನ್ನು ತಾರೀಕು ಹಾಕಿ ಬರೆದರು.

ಹೊಟ್ಟೆಪಾಡಿನ ಪ್ರಶ್ನೆ ಬರುತ್ತದೆ, ಬರಬೇಕು ಕೂಡ. ಕಪ್ಪೆ ಅನ್ನ ಹಾಕುತ್ತದೆಯೇ ಎಂದು ಕೇಳುವ ಹಕ್ಕು ಬಡ ತಂದೆಗೆ ಇದೆ. ಬಿ.ಎಸ್ಸಿ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಇವೆ. ಪೊನ್ನಂಪೇಟೆಯಲ್ಲೂ ಶಿರಸಿಯಲ್ಲೂ ಅರಣ್ಯ ಕಾಲೇಜು ಇದೆ. ತೋಟಗಾರಿಕೆ ಕಾಲೇಜು ಮೂಡಿಗೆರೆಯಲ್ಲೇ ಇದೆ, ಕಾಫಿ ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನ ಹತ್ತಿರ ಇದೆ. ಎಲ್ಲರಿಗೂ ಕೆಲಸ ಸಿಗುತ್ತದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಇಂಜಿನಿಯರಿಂಗ್ ಮುಗಿಸಿದ ನಮ್ಮ ಎಲ್ಲ ಮಕ್ಕಳಿಗೂ ಸಿಕ್ಕಿದೆಯೇ? 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿ ಮನೆ, ತೋಟ ಕಳೆದುಕೊಂಡವರನ್ನು ನೋಡಿದ್ದೇವೆ. ಈ ಮಣ್ಣು, ಈ ಹಳ್ಳ, ಈ ಕಾಡನ್ನು ಓದಿದವರು ನಮ್ಮಲ್ಲೇ ನಾಲ್ಕು ಜನ ಇದ್ದರೆ ನಷ್ಟವೇನಿಲ್ಲ.

ಆ ಗೀಜುಗನ ಹುಡುಗ ಮೂರು ವರ್ಷದ ಹಿಂದೆ ಸಂತೆಯಲ್ಲಿ ಸಿಕ್ಕಿದ. ಈಗ ಗೂಡ್ಸ್ ಗಾಡಿ ಓಡಿಸುತ್ತಾನೆ. ಸಲಾಂ ಹೇಳಿದ, ಚಹಾ ಕುಡಿಸಿದ, ದುಡ್ಡು ಕೊಡಲು ಬಿಡಲಿಲ್ಲ. ನಾವು ಅವನನ್ನು ನಿಲ್ಲಿಸಿದ್ದರ ಬಗ್ಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: ‘ಸಾರ್, ಕೆರೆ ಏರಿ ಈಚಲು ಮರ ಕಡಿದುಬಿಟ್ಟರು. ಗೀಜುಗ ಈಗ ಬರಲ್ಲ.’

ದಾನಿಗಳಲ್ಲಿ ನಮ್ಮ ಕೋರಿಕೆ ಒಂದೇ. ಮುಂದಿನ ವರ್ಷದ ಮೊತ್ತದಲ್ಲಿ ಎರಡು ವಿದ್ಯಾರ್ಥಿವೇತನಗಳನ್ನಾದರೂ ಅರಣ್ಯ, ಕೃಷಿ, ಪ್ರಾಣಿ-ಸಸ್ಯ ವಿಜ್ಞಾನ ಓದುವವರಿಗೆ ತೆಗೆದಿಡಿ, ಅದರಲ್ಲಿ ಒಂದು ಹೆಣ್ಣುಮಗುವಿಗೆ ಇರಲಿ. ಅಂಕಗಳ ಜೊತೆಗೆ ಮಗು ತಾನೇ ಕಂಡು ಬರೆದ ಎರಡು ಪುಟವನ್ನೂ ಕೇಳಿ ನೋಡಿ. ಈ ವರ್ಷದ ಅರ್ಜಿಗಳಲ್ಲಿ ಆ ಒಂದು ಕಲಂ ಬದಲಿಸಬೇಕೆನ್ನುವವರಿಗೆ ತಿಂಗಳ ಕೊನೆಯವರೆಗೆ ಅವಕಾಶ ಕೊಡಲು ಸಮಿತಿ ಒಪ್ಪಿದೆ. ಹೊಸ ನಮೂನೆಗಳು ಹೊರಗೆ ಮೇಜಿನ ಮೇಲಿವೆ. ಮಕ್ಕಳೇ ಕೈಯಾರೆ ತುಂಬಲಿ.